ಮುಖ್ಯ ನೋಟದ ಜಾಗ

ರೊವೀನಾ: ನೀವು ತೋರಿಸಿದ ಕುರ್ಚಿಯಲ್ಲೇ ಕೂತಿದೀನಿ. ಸಮುದ್ರ ಈ ತುದಿಯಿಂದ ಆ ತುದಿವರೆಗೂ ಕಾಣ್ತಿದೆ. ಹಡಗು ಎರಡಿವೆ. ಹೆಸರು ಓದಿ ಹೇಳ್ಲಾ?

ವೆಂಡೆಲ್: ನೀವು ಕುಳ್ಳಗಿದೀರಿ. ಅದಕ್ಕೇ ಕಾಣ್ತಿದೆ.

ರೊವೀನಾ: ಕುಳ್ಳಗಿರೋರಿಗೆ ಜಾಸ್ತಿ ಕಾಣುತ್ತೆ ಅಂತ ಎಪ್ಪತ್ತೊಂದು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ವೆಂಡೆಲ್: ನಿಮ್ಮ ಗುರುತುಗಂಬ ಅಡ್ಡ ಬರೋದು ನನ್ನ ಎತ್ತರಕ್ಕೆ. ನಾನು ಆರಡಿ ಒಂದು ಅಂಗುಲ.

ಇನೆಸ್: ಹಾಗಾದ್ರೆ ನೀವೇ ಕೂತ್ಕೊಳ್ಳಿ. ನಿಮ್ಮ ತಲೆ ಪಕ್ಕ ನನ್ನ ತಲೆ ಇಟ್ಟು ನೋಡ್ತೀನಿ. ‘ನೀವು ಕುಳ್ಳಗಿದೀರಿ’ ಅನ್ನೋದನ್ನ ಬರ್ಕೊಂಡಾಯ್ತು.

ಬರೆದುಕೊಳ್ಳುವುದು ಇನೆಸ್ ಇಬಾರಾಳ ಹಳೆಯ ಚಾಳಿ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವಳು. ನಿವೃತ್ತಳಾದ ಮೇಲೂ ಎದುರಿನವರು ಕೆಮ್ಮಿದರೆ ಸಾಕು, ಕೈ ತಾನಾಗಿ ಪೆನ್ಸಿಲ್ ಹುಡುಕುತ್ತದೆ. ಮಂಜನೀಟಾ ಗುಡ್ಡದ ನಿವಾಸಿಗಳ ಸಂಘದಲ್ಲಿ ಮನೆಗಳ ವಿನ್ಯಾಸ ನೋಡಿಕೊಳ್ಳಲು ಒಂದು ಸಮಿತಿಯಿದೆ. ಅದಕ್ಕೆ ಆಕೆ ಉಪಾಧ್ಯಕ್ಷೆ, ವೆಂಡೆಲ್ ಹಾಲಿಸ್ ಅಧ್ಯಕ್ಷ. ಆದರೆ ಈ ಶನಿವಾರ ಬೆಳಿಗ್ಗೆ ವೆಂಡೆಲನ ಅಧಿಕಾರ ನಡೆಯುವಂತಿರಲಿಲ್ಲ. ಪಕ್ಕದ ಮನೆಯ ರೊವೀನಾ ಟಾಲ್ಬರ್ಟ್ ಕಟ್ಟಿಸಬೇಕೆಂದಿರುವ ಕೋಣೆಗೆ ಆಕ್ಷೇಪಣೆ ಕೊಟ್ಟವನು ತಾನೇ ಆದ್ದರಿಂದ, ವಿಚಾರಣೆಯನ್ನು ಇನೆಸಳಿಗೆ ಬಿಟ್ಟುಕೊಟ್ಟು ತನ್ನದೇ ಮನೆಯ ಹಜಾರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

ಮಂಜನೀಟಾ ಗುಡ್ಡದಲ್ಲಿ ಕೋಳಿಗೂಡು ಕಟ್ಟಬೇಕಾದರೂ ಸಮಿತಿಯ ಒಪ್ಪಿಗೆ ಬೇಕು. ಸೂರು ಗುಡ್ಡದ ನೆತ್ತಿಯನ್ನು ಮೀರಬಾರದು, ಗೋಡೆ ಗುಡ್ಡದ ಬಣ್ಣವನ್ನು ಮೀರಬಾರದು. ಒಪ್ಪಿತ ಬಣ್ಣಗಳು ಒಂಬತ್ತು, ಒಂಬತ್ತೂ ಕಂದು. ಒಣಹುಲ್ಲು, ಒಣ ಎಲೆ, ಬಿದ್ದ ಎಲೆ, ಜಿಂಕೆ ಬೆನ್ನು ಎಂದು ಅವಕ್ಕೆ ಬೇರೆ ಬೇರೆ ಹೆಸರುಗಳುಂಟು, ಆದರೆ ಹೆಸರಿಟ್ಟವನಿಗೆ ಬಿಟ್ಟರೆ ಇನ್ನಾರಿಗೂ ವ್ಯತ್ಯಾಸ ತಿಳಿಯದು. ಹೊಸದಾಗಿ ಏನನ್ನೇ ಕಟ್ಟುವ ಮೊದಲು ಅದರ ನಾಲ್ಕೂ ಮೂಲೆಯಲ್ಲಿ ಅದರಷ್ಟೇ ಎತ್ತರದ ಮರದ ಕಂಬ ನೆಟ್ಟು, ತುದಿಯಿಂದ ತುದಿಗೆ ಕಿತ್ತಳೆ ಬಣ್ಣದ ಪಟ್ಟಿ ಎಳೆದು ಮೂವತ್ತು ದಿನ ಬಿಡಬೇಕು. ಇನ್ನೂ ಹುಟ್ಟದ ಕೋಣೆಯ ಜೊತೆ ಅಕ್ಕಪಕ್ಕದವರು ಒಂದು ತಿಂಗಳು ಮನಸಾರೆ ಜಗಳವಾಡಿಕೊಳ್ಳಲಿ ಎಂದು ಈ ಏರ್ಪಾಡು.

ಇದೆಲ್ಲ ಬರೆದಿರುವ ಕೈಪಿಡಿಯಲ್ಲಿ ನೂರ ಹನ್ನೆರಡು ಪುಟ, ಅದರಲ್ಲಿ ತೊಂಬತ್ತು ವೆಂಡೆಲನ ಕೈಯಿಂದಲೇ ಹೊರಟವು. ನಲವತ್ತೊಂದನೆಯ ಕಲಮೂ ಅವನದ್ದೇ. ಹಿಂದೆ ಮೇಲಿನ ಬೀದಿಯ ಒಬ್ಬ ಮಹಾರಾಯ ಏಣಿಯ ಮೇಲೆ ನಿಂತು ನೋಡಿ, ನನ್ನ ನೋಟ ಹಾಳಾಯಿತು ಎಂದು ದೂರು ಕೊಟ್ಟಿದ್ದ. ಅವನ ಬಾಯಿ ಮುಚ್ಚಿಸಲು ವೆಂಡೆಲ್ ಒಂದು ರಾತ್ರಿ ಕೂತು ಬರೆದ: ಆಕ್ಷೇಪಿಸುವವರು ತಾವು ದಿನವೂ ನಿಂತೋ ಕೂತೋ ಹೊರಗೆ ನೋಡುವ ಮುಖ್ಯ ನೋಟದ ಜಾಗ ಒಂದನ್ನು ತೋರಿಸಬೇಕು, ಸಮಿತಿಯವರು ಅಲ್ಲಿಂದಲೇ ನೋಡಿ ತೀರ್ಮಾನಿಸಬೇಕು. ಏಣಿಯವನು ಸೋತ. ಈಗ ಹನ್ನೆರಡು ವರ್ಷದ ಮೇಲೆ ಆ ಕಲಂ ತಿರುಗಿ ಬರೆದವನ ಮನೆಗೇ ಬಂದು ಕೂತಿತ್ತು.

ಇನೆಸ್ ಅವನ ತಲೆಗೆ ತಲೆ ತಾಗಿಸಿ ನೋಡಿದಳು. ಸಮುದ್ರ ಅಲ್ಲೇ ಇತ್ತು.

ಇನೆಸ್: ಕಂಬಗಳು ಬಲಗಡೆ ಎಲ್ಲೋ ಇವೆ. ಕುರ್ಚಿಯಿಂದ ಬಗ್ಗಿ ಬಿದ್ದರೆ ಮಾತ್ರ ಕಾಣುತ್ವೆ.

ರೊವೀನಾ: ಅಷ್ಟಕ್ಕೂ ಈ ಕುರ್ಚಿ ಇವರದ್ದಲ್ಲ. ಇಲ್ಲಿ ಕೂರ್ತಿದ್ದದ್ದು ಇವರ ಹೆಂಡತಿ ಕ್ಲಾರಿಸ್. ಅವಳು ತೀರಿಕೊಂಡ ಮೇಲೆ ಇವರು ಇದರ ಮೇಲೆ ಒಂದು ಪೇಪರ್ ಕೂಡ ಇಟ್ಟಿಲ್ಲ. ನಿಮಗೇ ಗೊತ್ತಲ್ಲ, ಅಧ್ಯಕ್ಷರೇ.

ಅಧ್ಯಕ್ಷರೇ ಎಂದು ಆಕೆ ಕರೆಯುವುದು ಕೋಪ ಬಂದಾಗ ಮಾತ್ರ. ಇಪ್ಪತ್ತೆರಡು ವರ್ಷದ ನೆರೆಹೊರೆಯಲ್ಲಿ ಹಾಗೆ ಕರೆದದ್ದು ಎರಡೇ ಸಲ. ಮೊದಲನೆಯದು, ಆಕೆಯ ನವಿಲುಬಣ್ಣದ ಮುಂಬಾಗಿಲಿಗೆ ಜಿಂಕೆ ಬೆನ್ನು ಬಳಿಯಬೇಕೆಂದು ಇವನು ನೋಟಿಸು ಕಳಿಸಿದಾಗ. ಎರಡನೆಯದು ಇವತ್ತು. ವೆಂಡೆಲ್ ಕುರ್ಚಿಯಿಂದ ಎದ್ದ.

ವೆಂಡೆಲ್: ಹೇಳೋದರಲ್ಲಿ ತಪ್ಪಾಯ್ತು. ನನ್ನ ನೋಟದ ಜಾಗ ಹೊರಗಿನ ಜಗಲಿ.

ಇನೆಸ್: ಕಲಂ ಪ್ರಕಾರ ಒಂದೇ ಜಾಗ. ನೀವು ಅಧ್ಯಕ್ಷರು ಅಂತ ಮೂರು ಕೊಡ್ತೀನಿ. ಇದು ಎರಡನೇದು.

ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿಗಳಿದ್ದವು. ಒಂದರ ಕೈಗಳ ನಡುವೆ ಜೇಡವೊಂದು ಬಲೆ ನೇಯ್ದು ಸಂಸಾರ ಹೂಡಿತ್ತು.

ಇನೆಸ್: ಇದರಲ್ಲಿ ಕೂರ್ತೀರಾ ನೀವು?

ವೆಂಡೆಲ್: ಪಕ್ಕದ್ದರಲ್ಲಿ.

ಇನೆಸ್: ಪಕ್ಕದ್ದಕ್ಕೆ ತಳ ಇಲ್ಲ.

ರೊವೀನಾ: ಬರ್ಕೊಳ್ಳಿ ಇನೆಸ್. ಅಧ್ಯಕ್ಷರು ದಿನಾ ತಳ ಇಲ್ಲದ ಕುರ್ಚಿಯಲ್ಲಿ ಕೂತು ಸಮುದ್ರ ನೋಡ್ತಾರೆ.

ನಲವತ್ತು ವರ್ಷ ಜಿಲ್ಲೆಯ ನಕ್ಷೆ ಕಚೇರಿಯಲ್ಲಿ ದುಡಿದವನು ವೆಂಡೆಲ್. ಒಂದು ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಊಟ ಸೇರುತ್ತಿರಲಿಲ್ಲ. ಅಂಥವನು ಬೆಳಿಗ್ಗೆಯಿಂದ ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಿದ್ದ. ಮೂರನೆಯದನ್ನೂ ಪೋಣಿಸಿಬಿಟ್ಟ. ಮಹಡಿಯ ಮಲಗುವ ಕೋಣೆಯ ಕಿಟಕಿ ಎಂದ. ಇನೆಸ್ ಮೆಟ್ಟಿಲ ಕಡೆ ತಿರುಗಿದಳು. ರೊವೀನಾ ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ರೊವೀನಾ: ನೀವು ಹೋಗಿ ಬನ್ನಿ. ನನ್ನ ಮಂಡಿಗೆ ದಿನಕ್ಕೆ ಇಷ್ಟೇ ಮೆಟ್ಟಿಲು ಅಂತ ಡಾಕ್ಟರು ಹೇಳಿದಾರೆ. ಇವತ್ತಿನ ಪಾಲು ನಮ್ಮನೇಲೇ ಮುಗೀತು.

ವೆಂಡೆಲ್: ಮುಗೀದೆ ಇನ್ನೇನು? ಬೆಳಗ್ಗೆ ನಾಲ್ಕು ಸಲ ಹತ್ತಿ ಇಳಿದ್ರಿ. ಒಂದು ಸಲ ಬರೀ ಕನ್ನಡಕಕ್ಕೆ. ಅದು ನಿಮ್ಮ ತಲೆ ಮೇಲೇ ಇತ್ತು.

ಇನೆಸಳ ಪೆನ್ಸಿಲ್ ಸರಸರ ಓಡಿತು.

ರೊವೀನಾ: ನಿಮಗೆ ಹೇಗೆ ಗೊತ್ತು?

ವೆಂಡೆಲ್: ಅಂದಾಜು.

ರೊವೀನಾ: ಕನ್ನಡಕ ತಲೆ ಮೇಲಿದ್ದದ್ದೂ ಅಂದಾಜಾ?

ವೆಂಡೆಲ್ ಮೆಟ್ಟಿಲು ಹತ್ತಿದ. ಮಲಗುವ ಕೋಣೆಯ ಕಿಟಕಿಗೆ ಅಡ್ಡವಾಗಿ ಬಟ್ಟೆ ಬೀರು ನಿಂತಿತ್ತು. ಅದನ್ನು ಅಲ್ಲಿಗೆ ಸರಿಸಿದ್ದು ತಾನೇ ಎಂಬುದು ಅವನಿಗೆ ಬಾಗಿಲಲ್ಲಿ ನಿಂತಾಗ ನೆನಪಾಯಿತು. ಇನೆಸ್ ಬೀರುವನ್ನೊಮ್ಮೆ, ಅವನನ್ನೊಮ್ಮೆ ನೋಡಿ ಇಳಿದಳು. ಕೋರ್ಟಿನಲ್ಲಿ ಎಂಥೆಂಥ ಸಾಕ್ಷಿಗಳನ್ನು ಕಂಡವಳಿಗೆ ಇವನ ಮೇಲೆ ಕನಿಕರವೇ ಹುಟ್ಟಿರಬೇಕು.

ಇನೆಸ್: ಮೂರೂ ಮುಗೀತು. ಆಕ್ಷೇಪಣೆ ವಜಾ ಅಂತ ಬರೀಲಾ?

ವೆಂಡೆಲ್: ನೋಟ ಒಂದೇ ಅಲ್ಲ ಇಲ್ಲಿರೋ ಪ್ರಶ್ನೆ. ಆ ಕೋಣೆ ಯಾತಕ್ಕೆ ಅಂತ ಕೇಳಿ. ಮನೆ ಮಾರೋದಕ್ಕೆ. ಕೋಣೆ ಒಂದು ಜಾಸ್ತಿ ಇದ್ರೆ ಗಿರಾಕಿ ಬೇಗ ಸಿಗ್ತಾನೆ. ಬೂಟಿಗೆ ಪಾಲಿಶ್ ಹಾಕಿ ಫಳಫಳ ಹೊಳೀತಿದ್ದ ಬ್ರೋಕರ್ ಇವರ ಅಂಗಳದಲ್ಲಿ ಅಡ್ಡಾಡಿದ್ದನ್ನ ನಾನೇ ಕಂಡಿದೀನಿ.

ರೊವೀನಾ: ಬಂದಿದ್ದ. ಕರೆಸಿದ್ದು ನಾನೇ. ಯಾವತ್ತು ಕರೆಸಿದೆ ಅಂತ ಕೇಳ್ರಿ.

ವೆಂಡೆಲ್: ಯಾವತ್ತು?

ರೊವೀನಾ: ನಿಮ್ಮ ಕಾಗದ ಕೈಗೆ ಬಂದ ಮಾರನೇ ದಿನ.

ಕಾಗದ ಆಕೆಯ ಚೀಲದಲ್ಲೇ ಇತ್ತು. ಇನೆಸ್ ಅದನ್ನು ತೆಗೆದುಕೊಂಡು ಕೋರ್ಟಿನ ದನಿಯಲ್ಲಿ, ಏರಿಳಿತವಿಲ್ಲದೆ ಓದಿದಳು: ‘ನಿಮ್ಮ ಅರ್ಜಿಯ ಎರಡನೇ ಪುಟದಲ್ಲಿ ಗೋಡೆಯ ಬಣ್ಣ ಒಣ ಎಲೆ ಎಂದಿದ್ದು, ಅಂಟಿಸಿರುವ ಮಾದರಿ ಬಿದ್ದ ಎಲೆಯದಾಗಿದೆ. ಆದ್ದರಿಂದ ಮುಂದಿನ ಪುಟಗಳನ್ನು ಪರಿಶೀಲಿಸದೆ ಅರ್ಜಿಯನ್ನು ಹಿಂತಿರುಗಿಸಲಾಗಿದೆ. ಇಂತಿ, ವೆಂಡೆಲ್ ಹಾಲಿಸ್.’

ರೊವೀನಾ: ಎಲೆ ಒಣಗದೆ ಬೀಳುತ್ತೇನ್ರಿ? ಬಿದ್ದಮೇಲೆ ಒಣಗದೆ ಇರುತ್ತಾ? ಆವತ್ತು ಬಾಗಿಲಿಗೆ ಜಿಂಕೆ ಬೆನ್ನು ಅಂದ್ರಿ, ಬಳಿಸಿದೆ. ಈಗ ಬಾಗಿಲು ಯಾವುದು ಗೋಡೆ ಯಾವುದು ತಿಳೀದೆ ಪಾರ್ಸಲ್ ತರೋನು ಗೋಡೆ ತಟ್ತಾನೆ. ಅದಕ್ಕೂ ಸುಮ್ಮನಿದ್ದೆ. ಆದ್ರೆ ಆ ಕಾಗದ ನೋಡಿ ಅನ್ನಿಸ್ತು, ಈ ಮನುಷ್ಯನಿಗೆ ನಾನು ಇಲ್ಲಿರೋದು ಬೇಡ. ಬೇಡವಾದ ಕಡೆ ಯಾಕಿರಲಿ? ಬ್ರೋಕರಿಗೆ ಫೋನ್ ಮಾಡಿದೆ. ಆದ್ರೂ ಮನಸ್ಸು ತಡೀದೆ ಅದೇ ಅರ್ಜೀನ ಮತ್ತೆ ಕೊಟ್ಟು ಕಂಬ ನೆಡಿಸಿದೆ.

ವೆಂಡೆಲ್: ನಾನು ಅಂದ್ಕೊಂಡಿದ್ದು... ನೀವು ಹೊರಟು ನಿಂತಿದೀರಿ ಅಂತ. ಅದಕ್ಕೇ ಆಕ್ಷೇಪಣೆ ಕೊಟ್ಟೆ. ಕೋಣೆ ಆಗದಿದ್ರೆ ಮನೆ ಬೇಗ ಮಾರಾಟ ಆಗಲ್ಲ ಅಂತ.

ಇನೆಸ್: ಸ್ವಲ್ಪ ನಿಧಾನ. ನೀವು ಕಾಗದ ಕಳಿಸಿದ್ದಕ್ಕೆ ಅವರು ಬ್ರೋಕರನ್ನ ಕರೆದ್ರು. ಅವರು ಬ್ರೋಕರನ್ನ ಕರೆದಿದ್ದಕ್ಕೆ ನೀವು ಆಕ್ಷೇಪಣೆ ಕೊಟ್ರಿ. ಈಗ ಆಕ್ಷೇಪಣೆ ಗೆದ್ರೆ?

ರೊವೀನಾ: ಮನೆ ಮಾರ್ತೀನಿ. ಬೇರೆ ದಾರಿ ಇಲ್ಲ. ನನ್ನ ಮನೆ ಗುಡ್ಡದ ಇಳಿಜಾರಿಗಿದೆ, ಮಲಗೋದು ಮೇಲೆ, ಬೇಯಿಸೋದು ಕೆಳಗೆ, ನಡುವೆ ಹದಿನಾಲ್ಕು ಮೆಟ್ಟಿಲು. ಈ ಕೋಣೆ ನನ್ನ ಹೊಸ ಅಡುಗೆಮನೆ ಕಣ್ರೀ. ಮೇಲೇ ಮಲಗಿ ಮೇಲೇ ಬೇಯಿಸ್ಕೊಂಡು ಇಲ್ಲೇ ಇರೋಣ ಅಂತ. ಇಲ್ಲ ಅಂದ್ರೆ ಫ್ರೆಸ್ನೋದಲ್ಲಿ ತಂಗಿ ಮನೆ. ಅಲ್ಲಿ ಎಲ್ಲಾ ಮಟ್ಟಸ. ಮೆಟ್ಟಿಲೂ ಇಲ್ಲ, ಗುಡ್ಡಾನೂ ಇಲ್ಲ, ನೋಡೋದಕ್ಕೂ ಏನಿಲ್ಲ.

ಅಡುಗೆಮನೆ ಎಂಬ ಮಾತು ಕೇಳಿ ವೆಂಡೆಲ್ ಗೋಡೆಗೆ ಒರಗಿದ. ಅವನ ಸಂಕಟ ಈಗ ಪೂರ್ತಿಯಾಯಿತು. ಆಕ್ಷೇಪಣೆ ಗೆದ್ದರೆ ರೊವೀನಾ ಫ್ರೆಸ್ನೋಗೆ. ಸೋತರೆ ಆಕೆ ಉಳಿಯುತ್ತಾಳೆ, ಆದರೆ ಆ ಕೋಣೆ ಎದ್ದು ನಿಂತು ಒಂದನ್ನು ಮರೆಮಾಡುತ್ತದೆ. ಆ ಒಂದು ಯಾವುದೆಂದು ಅವನು ಈ ಮೂರು ವರ್ಷ ತನಗೆ ತಾನೇ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ.

ವೆಂಡೆಲ್: ನಾಲ್ಕನೇ ಜಾಗ ಒಂದಿದೆ.

ಇನೆಸ್: ಕಲಮಿನಲ್ಲಿ ನಾಲ್ಕನೇದಿಲ್ಲ.

ವೆಂಡೆಲ್: ಕಲಂ ಬರೆದವನು ನಾನು. ನಿಜವಾದ ಜಾಗ ತೋರಿಸಬೇಕು ಅಂತಲೇ ಬರೆದದ್ದು. ಬನ್ನಿ.

ಅವನು ಅವರಿಬ್ಬರನ್ನೂ ಅಡುಗೆಮನೆಗೆ ಕರೆದುಕೊಂಡು ಹೋದ. ಚೊಕ್ಕವಾದ ಅಡುಗೆಮನೆ. ಪಾತ್ರೆ ಒಣಗುವ ಜಾಲರಿಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಮುಳ್ಳುಚಮಚ. ಪಾತ್ರೆ ತೊಳೆಯುವ ಸಿಂಕಿನ ಮೇಲೊಂದು ಪುಟ್ಟ ಕಿಟಕಿ. ಇನೆಸ್ ಕಿಟಕಿಯನ್ನು ನೋಡಲಿಲ್ಲ, ನೆಲ ನೋಡಿದಳು. ಸಿಂಕಿನ ಎದುರು ನೆಲಹಾಸಿನ ಹೂವುಗಳು ಎರಡು ಕಡೆ ಅಳಿಸಿಹೋಗಿದ್ದವು, ಎಡಗಾಲಿಗೊಂದು, ಬಲಗಾಲಿಗೊಂದು. ಆಕೆ ತನ್ನ ಕಾಲುಗಳನ್ನು ಆ ಸವೆದ ಜಾಗದಲ್ಲೇ ಇಟ್ಟು ನಿಂತಳು.

ಇನೆಸ್: ಇದು ನೋಟದ ಜಾಗ. ಇದಕ್ಕೆ ಸಾಕ್ಷಿ ಬೇಡ. ಆದ್ರೆ ವೆಂಡೆಲ್, ಇಲ್ಲಿ ಸಮುದ್ರ ಎಲ್ಲಿದೆ?

ವೆಂಡೆಲ್: ಇಲ್ಲಿಂದ ಸಮುದ್ರ ಕಾಣಲ್ಲ.

ಇನೆಸ್: ಮತ್ತೇನು ಹಾಳಾಗ್ತಿದೆ? ಇಲ್ಲಿಂದ ಕಾಣೋದು ರೊವೀನಾ ಮನೆಯ ಕೆಳಗಿನ ಕಿಟಕಿ ಒಂದೇ. ಬರ್ಕೊಳ್ತೀನಿ. ನೀಲಿ ಕೆಟಲ್. ಹೋದ ತಿಂಗಳ ಪುಟ ತೆಗೀದೆ ಬಿಟ್ಟಿರೋ ಕ್ಯಾಲೆಂಡರ್. ಕಿಟಕಿಗೆ ಸರಿಯಾಗಿ ಅಡ್ಡ ಕಿತ್ತಳೆ ಪಟ್ಟಿ.

ವೆಂಡೆಲ್: ಹೋದ ತಿಂಗಳದಲ್ಲ. ಫೆಬ್ರವರಿದು.

ಹೇಳಿಬಿಟ್ಟ ಮೇಲೆ ಇನ್ನು ಮುಚ್ಚಿಡುವುದಕ್ಕೇನೂ ಉಳಿಯಲಿಲ್ಲ. ಅವನು ಸಿಂಕಿನ ಅಂಚು ಹಿಡಿದುಕೊಂಡು, ರೊವೀನಾಳ ಕಡೆ ತಿರುಗದೆ, ಇನೆಸಳಿಗೆ ಎನ್ನುವಂತೆ ಒಪ್ಪಿಸಿದ. ಬೆಳಿಗ್ಗೆ ಏಳೂಕಾಲಿಗೆ ಆ ಕಿಟಕಿಯಲ್ಲಿ ದೀಪ ಹತ್ತುತ್ತದೆ. ಭಾನುವಾರ ಪ್ಯಾನ್‌ಕೇಕ್ ಮಗುಚುತ್ತಾರೆ, ಮೂರರಲ್ಲೊಂದು ನೆಲದ ಮೇಲೆ ಬೀಳುತ್ತದೆ. ಗುರುವಾರ ಬ್ರೆಡ್ಡು ಸೀಯುತ್ತದೆ, ಯಾಕೆಂದರೆ ರೇಡಿಯೋದಲ್ಲಿ ಗುರುವಾರ ಬರುವ ಹಾಡಿಗೆ ಅವರು ಕಣ್ಣು ಮುಚ್ಚಿಕೊಂಡು ಕೈಯಲ್ಲಿ ತಾಳ ಹಾಕುತ್ತಾರೆ. ಕ್ಲಾರಿಸ್ ಹೋದ ಮೊದಲ ಚಳಿಗಾಲ ಈ ಮನೆಯಲ್ಲಿ ತನ್ನ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ, ಆಗ ಆ ದೀಪ ಹತ್ತಿದ ಮೇಲೇ ತನಗೆ ಬೆಳಗಾಗುತ್ತಿದ್ದದ್ದು ಎಂದ.

ವೆಂಡೆಲ್: ಕೋಣೆ ಬಂದ್ರೆ ಆ ಕಿಟಕಿ ಮುಚ್ಚಿಹೋಗುತ್ತೆ. ಅಷ್ಟೇ ನನ್ನ ಆಕ್ಷೇಪಣೆ. ಕೈಪಿಡೀಲಿ ಇದಕ್ಕೆ ಕಲಂ ಇಲ್ಲ, ಹುಡುಕಿದೆ. ವಜಾ ಅಂತ ಬರೀರಿ ಇನೆಸ್. ಅವರು ಅಡುಗೆಮನೆ ಕಟ್ಕೊಳ್ಳಲಿ. ಇಲ್ಲೇ ಇರಲಿ.

ಇನೆಸಳ ಪೆನ್ಸಿಲ್ ನಿಂತಿತ್ತು. ಮೂವತ್ತೊಂದು ವರ್ಷದಲ್ಲಿ ಯಾರ ಮಾತಿಗೂ ನಿಲ್ಲದ ಪೆನ್ಸಿಲ್. ವೆಂಡೆಲ್ ಧೈರ್ಯ ಮಾಡಿ ರೊವೀನಾಳ ಕಡೆ ತಿರುಗಿದಾಗ ಆಕೆ ತನ್ನ ಅರ್ಜಿಯನ್ನು ಕೈಯಲ್ಲಿ ಹಿಡಿದು ಪುಟ ಮಗುಚುತ್ತಿದ್ದಳು.

ರೊವೀನಾ: ಎರಡನೇ ಪುಟಕ್ಕೇ ನಿಲ್ಲಿಸಿದ್ರಿ ಅಲ್ವಾ?

ವೆಂಡೆಲ್: ಮಾದರಿ ಬಿದ್ದ ಎಲೆಯದಾಗಿತ್ತು.

ರೊವೀನಾ: ಏಳನೇ ಪುಟ ಓದಿ ಇನೆಸ್. ಇವರಿಗೆ ಕೇಳೋ ಹಾಗೆ.

ಇನೆಸ್ ಓದಿದಳು. ಕೈಪಿಡಿಯ ಪ್ರಕಾರ ಪಕ್ಕದ ಮನೆಗೆ ಎದುರಾಗಿ ಕಿಟಕಿ ಇಡುವಂತಿಲ್ಲ, ಪಕ್ಕದ ಮನೆಯವರು ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ ಇಡಬಹುದು. ಅರ್ಜಿದಾರರು ಹೊಸ ಅಡುಗೆಮನೆಯ ಉತ್ತರದ ಗೋಡೆಯಲ್ಲಿ, ಶ್ರೀ ಹಾಲಿಸ್ ಅವರ ಸಿಂಕಿನ ಕಿಟಕಿಗೆ ನೇರ ಎದುರಾಗಿ, ನಾಲ್ಕಡಿ ಅಗಲದ ಕಿಟಕಿ ಇಡಲು ಅವರ ಒಪ್ಪಿಗೆ ಕೋರಿದ್ದಾರೆ. ಕೆಳಗೆ ಸಹಿಗೆ ಬಿಟ್ಟ ಜಾಗ ಖಾಲಿ.

ವೆಂಡೆಲ್ ಕಾಗದವನ್ನು ಈಸಿಕೊಂಡು ತಾನೇ ಓದಿದ. ನಕ್ಷೆಯ ಮೇಲೆ ಬೆರಳೋಡಿಸಿದ. ಈಗಿನ ಕಿಟಕಿ ಎಂಟಡಿ ಕೆಳಗೆ, ಓರೆಯಾಗಿ, ಒಂದೂಕಾಲಡಿ ಅಗಲ. ಇದು ಕಣ್ಣಿನ ಮಟ್ಟಕ್ಕೆ, ನೇರಕ್ಕೆ, ನಾಲ್ಕಡಿ. ಗೆರೆಗಳಲ್ಲಿ ಎಲ್ಲೂ ತಪ್ಪಿರಲಿಲ್ಲ.

ಇನೆಸ್: ಒಂದು ಮಾತು ರೊವೀನಾ, ಸಮಿತಿ ಪರವಾಗಿ ಕೇಳ್ತಿದೀನಿ. ಪಶ್ಚಿಮದ ಗೋಡೆಗೆ ಇಟ್ಟಿದ್ರೆ ಯಾರ ಒಪ್ಪಿಗೆನೂ ಬೇಕಿರಲಿಲ್ಲ. ಸಮುದ್ರನೂ ಕಾಣ್ತಿತ್ತು.

ರೊವೀನಾ: ಸಮುದ್ರ ನೋಡಿ ನೋಡಿ ಸಾಕಾಗಿದೆ. ಅದೇನು ತಟ್ಟೆ ತೊಳೆಯುತ್ತಾ?

ಇನೆಸ್: ಏನಂದ್ರಿ?

ರೊವೀನಾ: ನನ್ನ ಕಿಟಕಿ ಇವರಿಗೆ ಕಾಣುತ್ತೆ ಅಂದ್ರೆ ಇವರ ಕಿಟಕಿ ನನಗೆ ಕಾಣಲ್ವೇನ್ರಿ? ಮೂರು ವರ್ಷದಿಂದ ಈ ಮನುಷ್ಯ ಒಂದೇ ಒಂದು ತಟ್ಟೆ ತೊಳೀತಾ ಇದಾರೆ, ದಿನಾ ಇಪ್ಪತ್ತು ನಿಮಿಷ. ಒಂದು ತಟ್ಟೆಗೆ ಇಪ್ಪತ್ತು ನಿಮಿಷ ಯಾಕೆ ಬೇಕು? ನಾನು ಕೆಟಲ್ ಇಳಿಸೋವರೆಗೂ ತೊಳೀತಾರೆ. ನಾನೂ ಕುದ್ದ ನೀರನ್ನೇ ಮತ್ತೆ ಕುದಿಸ್ತಾ ನಿಂತಿರ್ತೀನಿ. ಕ್ಯಾಲೆಂಡರ್ ಪುಟ ತಿರುಗಿಸೋಕೆ ಕಿಟಕಿಗೆ ಬೆನ್ನು ಹಾಕಬೇಕಲ್ಲ, ಅದಕ್ಕೇ ಅದು ಫೆಬ್ರವರಿಯಲ್ಲೇ ಇದೆ.

ವೆಂಡೆಲನಿಗೆ ಎದೆ ತುಂಬಿ ಬಂದಿತ್ತು; ಎಪ್ಪತ್ತನಾಲ್ಕನೆಯ ವಯಸ್ಸಿಗೆ ಇದು ಬಲು ಮುಜುಗರದ ಸಂಗತಿ. ಅಭ್ಯಾಸಬಲದಿಂದ ಅಂಗಿಯ ಜೇಬಿನ ಪೆನ್ನು ತೆಗೆದು ಏಳನೇ ಪುಟದ ಕೆಳಗೆ ಸಹಿ ಹಾಕಿದ. ಆಮೇಲೆ ಅದೇ ಅಭ್ಯಾಸಬಲದಿಂದ ಎರಡನೇ ಪುಟಕ್ಕೆ ಹೋಗಿ, ಬಣ್ಣದ ಮಾದರಿಯ ಮುಂದೆ ಏನೋ ಬರೆಯತೊಡಗಿದ. ಇನೆಸ್ ಇಣುಕಿ ನೋಡಿದಳು. ‘ಒಣ ಎಲೆಯೂ ಬಿದ್ದ ಎಲೆಯೂ ಒಂದೇ ಎಂದು ಪರಿಗಣಿಸಲಾಗಿದೆ’ ಎಂದಿತ್ತು.

ಇನೆಸ್: ಆಕ್ಷೇಪಣೆ ಹಿಂತೆಗೆದುಕೊಂಡಿದ್ದಕ್ಕೆ ಕಾರಣ ಬರೀಬೇಕು. ಫಾರಂನಲ್ಲಿ ಒಂದೇ ಗೆರೆ ಜಾಗ ಇದೆ.

ವೆಂಡೆಲ್: ನೋಟ ಸುಧಾರಿಸುತ್ತದೆ, ಅಂತ ಬರೀರಿ.

ರೊವೀನಾ: ನನ್ನದೊಂದು ಷರತ್ತಿದೆ, ವೆಂಡೆಲ್.

ಹೆಸರು ಕೇಳಿ ಅವನ ಮುಖ ಅರಳಿತು. ಅಧ್ಯಕ್ಷಗಿರಿ ಹೋಗಿತ್ತು.

ವೆಂಡೆಲ್: ಹೇಳಿ.

ರೊವೀನಾ: ಇನ್ನೊಂದು ತಟ್ಟೆ ತಗೊಳ್ಳಿ. ನಾಳೆ ಭಾನುವಾರ, ನೆಲಕ್ಕೆ ಬೀಳದ ಪ್ಯಾನ್‌ಕೇಕ್ ಎರಡು ತರ್ತೀನಿ. ಇಲ್ಲಿಗೆ ಬರೋಕೆ ಮೆಟ್ಟಿಲಿಲ್ಲ.

ವೆಂಡೆಲ್: ತಟ್ಟೆ ಯಾವ ಬಣ್ಣದ್ದಿರಲಿ?

ರೊವೀನಾ: ಯಾವುದಾದ್ರೂ ಸರಿ. ಕಂದು ಒಂದು ಬಿಟ್ಟು.